ಸೆಲ್ವಿನ್ ಇಳಿಯೋರು ಯಾರು?

ಅಕ್ಟೋಬರ್ 28, ಬೆಳಿಗ್ಗೆ ಏಳೂವರೆ. ಸಾನ್ ಬರ್ನಾಬೆ ಠಾಣೆಯ ಇನ್ಸ್‌ಪೆಕ್ಟರ್ ಅರ್ನುಲ್ಫೊ ಬಾಟ್ಸ್ ಆಗಷ್ಟೇ ಕಾಫಿಗೆ ಬ್ರೆಡ್ಡು ಅದ್ದಿದ್ದ. ಅದು ಬಾಯಿಗೆ ಹೋಗುವ ಮೊದಲೇ ಮೇಜಿನ ಮುಂದೆ ಹೆಂಗಸೊಬ್ಬಳು ಬಂದು ನಿಂತಳು.

"ನನ್ನ ಮಗನ ಶಿಲುಬೆ ಮತ್ತೆ ಕದ್ದಿದಾರೆ ಸಾಹೇಬ್ರೇ."

ಬ್ರೆಡ್ಡಿನ ತುಂಡು ಮುರಿದು ಲೋಟದೊಳಗೆ ಬಿತ್ತು. ಬಾಟ್ಸ್‌ಗೆ ಅವಳು ಗೊತ್ತು. ಮಕಾರಿಯಾ ತ್ಸೋಕ್, ಬಸ್ ಡ್ರೈವರ್ ಬೌದಿಲಿಯೊನ ಹೆಂಡತಿ. ಹೋದ ವರ್ಷ ಫೆಬ್ರವರಿಯಲ್ಲಿ ಇವರ ಒಬ್ಬನೇ ಮಗ ಸೆಲ್ವಿನ್ ಘಾಟಿಯ ತಿರುವಿನಲ್ಲಿ ಬಸ್ಸಿನ ಮೇಲಿಂದ ಬಿದ್ದು ಸತ್ತಿದ್ದ. ಬಿದ್ದ ಜಾಗದಲ್ಲೇ ಅವನ ಹೆಸರಿನ ಶಿಲುಬೆ ನೆಟ್ಟಿದ್ದರು. ಅಪ್ಪ ಓಡಿಸುತ್ತಿದ್ದ ಬಸ್ಸಿಗೆ ಅವನೇ ಕಂಡಕ್ಟರ್. ಗ್ವಾಟೆಮಾಲಾದ ಈ ಬೆಟ್ಟಸೀಮೆಯಲ್ಲಿ ಕಂಡಕ್ಟರುಗಳೆಲ್ಲ ಹೀಗೇ. ಬಸ್ಸು ಓಡುತ್ತಿರುವಾಗಲೇ ಹಿಂದಿನ ಏಣಿ ಹತ್ತಿ, ಮೇಲಿನ ಗಂಟುಮೂಟೆ ಬಿಚ್ಚಿ, ಮುಂದಿನ ಊರು ಬರುವಷ್ಟರಲ್ಲಿ ಇಳಿಸಲು ಸಿದ್ಧ ಮಾಡಿರುತ್ತಾರೆ. ಬೈದರೆ ಹಲ್ಲು ಕಿರಿಯುತ್ತಾರೆ.

"ಕೂತ್ಕೋಳಮ್ಮ. ಯಾವಾಗ ಗೊತ್ತಾಯ್ತು?"

"ನಿನ್ನೆ ಸಾಯಂಕಾಲ. ಹೂವು ಇಡೋಕೆ ಹೋಗಿದ್ದೆ."

"ಮೊದಲ್ನೇದು ಮರದ್ದು, ಅಲ್ವಾ?"

"ಹೂಂ. ಏಪ್ರಿಲ್‌ನಲ್ಲಿ ಹೋಯ್ತು. ಅದಕ್ಕೇ ಈ ಸಲ ಕಬ್ಬಿಣದ್ದು ಮಾಡಿಸಿ, ಸಿಮೆಂಟಿಗೆ ಬೋಲ್ಟ್ ಹಾಕಿ ಬಿಗಿಸಿದ್ವಿ. ಬೋಲ್ಟು, ನಟ್ಟು ಎಲ್ಲ ನಮ್ಮ ಬಸ್ಸಿನ ಚಕ್ರದ್ದು. ನಮ್ಮನೆಯೋರೇ ಕೊಟ್ರು."

"ಯಾರ ಮೇಲಾದ್ರೂ ಅನುಮಾನ?"

ಅವಳು ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ನವೆಂಬರ್ ಎರಡಕ್ಕೆ ಸತ್ತೋರ ಹಬ್ಬ. ದಾರೀಲಿ ಸತ್ತೋರು ಮೊದಲು ಶಿಲುಬೆ ಹತ್ರ ಬಂದು ನಿಲ್ತಾರೆ, ಅಲ್ಲಿಂದ ಮನೆಗೆ ಕರ್ಕೊಂಡು ಬರ್ಬೇಕು. ಶಿಲುಬೇನೇ ಇಲ್ದಿದ್ರೆ ನನ್ನ ಮಗ ಎಲ್ಲಿ ಅಂತ ನಿಲ್ಲೋದು? ಬಸ್ಸಿನ ಹಿಂದೆ ಓಡ್ತಾ ಇರ್ತಾನೆ ಅಷ್ಟೇ. ಹಬ್ಬದೊಳಗೆ ಹುಡುಕಿಕೊಡಿ."

ಹೊರಗೆ ಒಂದು ಬಸ್ಸು ಇಂಜಿನ್ ಆರಿಸದೆ ನಿಂತಿತ್ತು. ಕೆಂಪು ಹಸಿರು ಬಣ್ಣ, ಹಣೆಯ ಮೇಲೆ ದೊಡ್ಡದಾಗಿ 'ರೇನಿತಾ' ಎಂಬ ಹೆಸರು. ಬೌದಿಲಿಯೊ ಕೆಳಗಿಳಿದಿರಲಿಲ್ಲ. ಸ್ಟೀರಿಂಗ್ ಹಿಡಿದು ನೇರ ರಸ್ತೆ ನೋಡುತ್ತಿದ್ದ. ಪಾಪ, ಅವನಿಗೆ ಟೈಮಿನ ಚಿಂತೆ ಎಂದುಕೊಂಡ ಬಾಟ್ಸ್.

ಎಂಟು ಗಂಟೆಗೆ ಎಫ್‌ಐಆರ್ ದಾಖಲಾಯಿತು. ಅಪರಿಚಿತರ ಮೇಲೆ ಕಳವು ಪ್ರಕರಣ.

ಠಾಣೆಯ ಜೀಪು ಮೂರು ತಿಂಗಳಿಂದ ಕೆಟ್ಟು ಹಿತ್ತಲಲ್ಲಿತ್ತು. ಅದರ ಬಾನೆಟ್ಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು. ಹಾಗಾಗಿ ಇನ್ಸ್‌ಪೆಕ್ಟರೂ ಕಾನ್‌ಸ್ಟೆಬಲ್ ಫಿಡೆನ್ಸಿಯಾಳೂ ಜೋಳದ ಲಾರಿಯೊಂದರ ಹಿಂದೆ ಕೂತು ತಿರುವಿಗೆ ಹೋದರು.

"ನಮ್ಮನ್ನ ನೋಡಿದ್ರೆ ಕಳ್ಳರು ನಡುಗಿಬಿಡ್ತಾರೆ ಸಾರ್," ಅಂದಳು ಫಿಡೆನ್ಸಿಯಾ, ತಲೆಗಂಟಿದ ಜೋಳದ ಸಿಪ್ಪೆ ತೆಗೆಯುತ್ತ.

ಹತ್ತು ಗಂಟೆಗೆ ಸ್ಥಳ ಪಂಚನಾಮೆ ಶುರುವಾಯಿತು. ರಸ್ತೆಯಂಚಿನ ಸಿಮೆಂಟು ಕಟ್ಟೆಯಲ್ಲಿ ನಾಲ್ಕು ಬೋಲ್ಟು ನೆಟ್ಟಗೆ ನಿಂತಿದ್ದವು. ಎಲ್ಲೂ ಒಡೆದ, ಬಡಿದ ಗುರುತಿಲ್ಲ. ಶಿಲುಬೆ ಎತ್ತಿದ ಮೇಲೆ ಕಳ್ಳ ನಾಲ್ಕೂ ನಟ್ಟುಗಳನ್ನು ಬೋಲ್ಟಿಗೆ ವಾಪಸು ತಿರುಗಿಸಿ ಹೋಗಿದ್ದ. ಚೆಂಡುಹೂವು ಇಟ್ಟಿದ್ದ ಹಾಲಿನ ಪುಡಿಯ ಖಾಲಿ ಡಬ್ಬಿಯನ್ನು ಬಿಸಿಲಿನಿಂದ ಸರಿಸಿ ಬಂಡೆಯ ನೆರಳಲ್ಲಿಟ್ಟಿದ್ದ.

"ಇವನೆಂಥ ಕಳ್ಳ ಸಾರ್? ಹೊಸ ಸೊಸೆ ಥರ ಎಲ್ಲ ಒಪ್ಪ ಮಾಡಿಟ್ಟು ಹೋಗಿದಾನಲ್ಲ."

"ಗುಜರಿ ಕಳ್ಳ ಆಗಿದ್ರೆ ನಟ್ಟೂ ಬಿಡ್ತಿರ್ಲಿಲ್ಲ," ಅಂದ ಬಾಟ್ಸ್. "ಚಕ್ರದ ನಟ್ಟು ಬಿಚ್ಚೋಕೆ ಬಸ್ಸಿನ ಸ್ಪ್ಯಾನರೇ ಬೇಕು. ಬಸ್ಸಿನೋರು ಯಾರೋ ಮಾಡಿದ ಕೆಲಸ ಇದು."

ಅಷ್ಟರಲ್ಲಿ ಮೇಲಿನಿಂದ ಒಂದು ಬಸ್ಸು ಬಂತು. ತಿರುವಿಗೆ ಬಂದಾಗ ಡ್ರೈವರ್ ಎರಡು ಸಲ ಹಾರ್ನ್ ಹೊಡೆದ. ದಾರಿಯಲ್ಲಿ ಸತ್ತವನಿಗೆ ದಾರಿಯವರು ಹೇಳುವ ನಮಸ್ಕಾರ ಅದು. ಬಾಗಿಲಲ್ಲಿ ನೇತಾಡುತ್ತಿದ್ದ ಕಂಡಕ್ಟರ್ ಕೂಗಿದ: "ಸೆಲ್ವಿನ್! ಸೆಲ್ವಿನ್ ಇಳಿಯೋರು ಯಾರು?"

ಬುಟ್ಟಿ ಹೊತ್ತ ಇಬ್ಬರು ಹೆಂಗಸರು ಇಳಿದರು. ಈ ತಿರುವಿಗೆ ಮೊದಲು ಹೆಸರೇ ಇರಲಿಲ್ಲ. ಮರದ ಶಿಲುಬೆ ನೆಟ್ಟ ಮೇಲೆ, ಕೆಳಗಿನ ಹಳ್ಳಿಯವರು ಇಲ್ಲೇ ಇಳಿಯುವುದು ರೂಢಿಯಾಗಿ, ಶಿಲುಬೆಯ ಮೇಲಿದ್ದ ಹೆಸರೇ ಸ್ಟಾಪಿನ ಹೆಸರಾಗಿಬಿಟ್ಟಿತ್ತು.

ಅನುಮಾನ ಮೊದಲು ಬಿದ್ದದ್ದು 'ಗವಿಲಾನ್' ಬಸ್ಸಿನ ಡ್ರೈವರ್ ಪ್ರಿಮಿತಿವೊ ಮೇಲೆ. ಅಪಘಾತದ ದಿನ ರೇನಿತಾಳ ಜೊತೆ ಪೈಪೋಟಿಗೆ ಬಿದ್ದು ಅದರ ಪಕ್ಕಕ್ಕೆ ತನ್ನ ಬಸ್ಸು ನುಗ್ಗಿಸಿದ್ದವನು ಅವನೇ. ಶಿಲುಬೆ ಕಂಡಾಗಲೆಲ್ಲ ಪ್ರಯಾಣಿಕರು ಅವನ ಕತ್ತನ್ನೇ ನೋಡುತ್ತಾರೆ ಎಂಬ ಮಾತಿತ್ತು. ಮಧ್ಯಾಹ್ನ ಬಸ್ ನಿಲ್ದಾಣದಲ್ಲಿ ವಿಚಾರಣೆ ನಡೆಯಿತು.

"ಇಪ್ಪತ್ತಾರು, ಇಪ್ಪತ್ತೇಳು ಎಲ್ಲಿದ್ದೆ?"

"ಗೇರ್‌ಬಾಕ್ಸ್ ಕೆಟ್ಟು ಮೆಕ್ಯಾನಿಕ್ ಹತ್ರ ಮಲಗಿತ್ತು ನನ್ನ ಬಸ್ಸು. ಕೇಳಿ ನೋಡಿ."

"ಆ ಶಿಲುಬೆ ಕಂಡ್ರೆ ನಿನಗಾಗಲ್ಲವಂತೆ?"

ಪ್ರಿಮಿತಿವೊ ಕೈಯಲ್ಲಿದ್ದ ಗ್ರೀಸಿನ ಬಟ್ಟೆಯನ್ನು ಕೆಳಗೆ ಹಾಕಿದ. "ಆ ಡಬ್ಬಿಗೆ ನೀರು ಹಾಕೋನು ನಾನು ಸಾಹೇಬ್ರೇ. ಅವತ್ತಿನ ಪೈಪೋಟಿಗೆ ಜೈಲಿಗೆ ಹಾಕಿದ್ರೂ ಹೋಗ್ತೀನಿ, ಅದು ಬೇರೆ ವಿಷ್ಯ. ಶಿಲುಬೆ ಮುಟ್ಟೋನಲ್ಲ ನಾನು." ಆಮೇಲೆ ದನಿ ತಗ್ಗಿಸಿದ. "ಆ ತಿರುವಲ್ಲಿ ಹಾರ್ನ್ ಹೊಡೀದೆ, ನಿಲ್ಲಿಸದೆ ಹೋಗೋದು ಒಂದೇ ಬಸ್ಸು. ಅದ್ಯಾವುದು ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡಿ. ನಾಳೆ ಹತ್ತಿ ನೋಡಿ, ಗೊತ್ತಾಗತ್ತೆ."

ಮೆಕ್ಯಾನಿಕ್ ಅವನ ಮಾತು ನಿಜವೆಂದ.

ಅಕ್ಟೋಬರ್ 29ರ ಬೆಳಿಗ್ಗೆ ಬಾಟ್ಸ್ ಮಫ್ತಿಯಲ್ಲಿ ಹೊರಟ. ಎರಡು ಬಸ್ಸು ಹತ್ತಿ ಇಳಿದ. ಎರಡೂ ಆ ತಿರುವಿನಲ್ಲಿ ಹಾರ್ನ್ ಹೊಡೆದು ನಿಂತವು. ಮೂರನೆಯದಾಗಿ ಬಂದದ್ದು ರೇನಿತಾ. ಹತ್ತುವಾಗಲೇ ಇವನಾಗಿರದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಪೊಲೀಸರು ಹಾಗೆ ಬೇಡಿಕೊಳ್ಳುವುದು ಕಡಿಮೆ, ಬೇಡಿಕೊಂಡರೂ ಕೇಳುವವರು ಯಾರು!

ಇಬ್ಬರ ಸೀಟಿನಲ್ಲಿ ಮೂವರು, ಕಾಲ ಬಳಿ ಟರ್ಕಿ ಕೋಳಿ, ಮಡಿಲಲ್ಲಿ ಯಾರದೋ ಮಗು. ಓಸ್ಮಿನ್ ಎಂಬ ಹೊಸ ಕಂಡಕ್ಟರ್ ಬೇರೆ ಊರಿನವನು. ಹತ್ತಿಸಿಕೊಳ್ಳುವುದೆಲ್ಲ ಆದ ಮೇಲೆ ಬಸ್ಸಿನ ತಗಡಿಗೆ ಅಂಗೈಯಿಂದ ಎರಡು ಸಲ ಬಡಿಯುತ್ತಿದ್ದ. ಎರಡು ಬಡಿದರೆ ಹೊರಡು, ಒಂದು ಬಡಿದರೆ ನಿಲ್ಲು. ಡ್ರೈವರಿಗೆ ಹಿಂದೆ ತಿರುಗಿ ನೋಡುವ ಕೆಲಸವೇ ಇಲ್ಲ.

ತಿರುವು ಹತ್ತಿರವಾಯಿತು. ಓಸ್ಮಿನ್ ಗಂಟಲು ಹರಿಯುವಂತೆ ಕೂಗಿದ: "ಸೆಲ್ವಿನ್! ಸೆಲ್ವಿನ್ ಇಳಿಯೋರು ಯಾರು? ಬಾಗಿಲ ಹತ್ರ ಬನ್ನಿ, ಸೆಲ್ವಿನ್ ಬಂತು!"

ಮುದುಕಿಯೊಬ್ಬಳು ಎದ್ದಳು. ಓಸ್ಮಿನ್ ಒಂದು ಸಲ ಬಡಿದ. ಬಸ್ಸು ನಿಲ್ಲಲಿಲ್ಲ, ಹಾರ್ನೂ ಇಲ್ಲ. ಬೌದಿಲಿಯೊನ ಕತ್ತಿನ ನರ ಹಗ್ಗದಂತೆ ಎದ್ದಿತ್ತು. ಬಸ್ಸು ತಿರುವು ದಾಟಿ, ಇಳಿಜಾರು ದಾಟಿ, ಜೋಳದ ಗಿರಣಿಯ ಹತ್ತಿರ ನಿಂತಿತು.

"ಯಾವಾಗ್ಲೂ ಇದೇ ಗೋಳು ಇವನ್ದು," ಮುದುಕಿ ಗೊಣಗಿದಳು. "ಸೆಲ್ವಿನ್‌ಗೆ ಇಳಿಸು ಅಂದ್ರೆ ಗಿರಣಿಗೆ ತಂದು ಎಸೀತಾನೆ. ನನ್ನ ಮೊಣಕಾಲೇನು ನಿಮ್ಮಪ್ಪ ಮಾಡಿಸಿಕೊಟ್ಟಿದ್ದೇನೋ?"

"ಅವರು ಹಾಗೇ ಅಜ್ಜಿ. ಕಿವಿ ಸ್ವಲ್ಪ ಮಂದ," ಎಂದು ನಕ್ಕ ಓಸ್ಮಿನ್. ಸೆಲ್ವಿನ್ ಯಾರೆಂದು ಅವನಿಗೆ ಗೊತ್ತಿಲ್ಲ. ಅದು ಅವನಿಗೆ ಒಂದು ಸ್ಟಾಪು, ಅಷ್ಟೇ.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದು ಹೋಗುವವರೆಗೆ ಬಾಟ್ಸ್ ಕಾದ. ಓಸ್ಮಿನ್‌ನನ್ನು ಕಾಫಿಗೆ ಕಳಿಸಿದ. ಮೊದಲೇ ಹೇಳಿಟ್ಟಿದ್ದಂತೆ ಫಿಡೆನ್ಸಿಯಾ ಇಬ್ಬರು ಪಂಚರನ್ನು ಕರೆದುಕೊಂಡು ಬಂದು ನಿಂತಿದ್ದಳು.

"ಬೌದಿಲಿಯೊ, ಸ್ಪ್ಯಾನರ್ ಪೆಟ್ಟಿಗೆ ತೆಗಿ."

ಅವನು ಯಾಕೆಂದು ಕೇಳಲಿಲ್ಲ. ಬಸ್ಸಿನ ಹೊಟ್ಟೆಯ ಕೆಳಗಿನ ಉದ್ದದ ಪೆಟ್ಟಿಗೆಯ ಬೀಗ ತೆಗೆದು ಪಕ್ಕಕ್ಕೆ ಸರಿದ. ಒಳಗೆ ಉಣ್ಣೆಯ ಕಂಬಳಿ ಸುತ್ತಿದ ಎರಡು ಶಿಲುಬೆಗಳು, ಒಂದು ಮರದ್ದು, ಒಂದು ಕಬ್ಬಿಣದ್ದು. ಚಳಿಯಾಗದಿರಲೆಂದು ಮಗುವಿಗೆ ಹೊದಿಸುವಂತೆ ತುದಿಯವರೆಗೂ ಹೊದಿಸಿದ್ದ.

"ಮರದ್ದು ಏಪ್ರಿಲ್‌ನಿಂದ ಇದರಲ್ಲೇ ಇತ್ತಾ?"

"ಹೂಂ."

"ಎಸೀಬಹುದಿತ್ತಲ್ಲ?"

"ಎಸೀತಾರಾ ಸಾಹೇಬ್ರೇ?"

ಮಧ್ಯಾಹ್ನ 1.20ಕ್ಕೆ ಜಪ್ತಿ ಪಂಚನಾಮೆ ಮುಗಿಯಿತು, ದಸ್ತಗಿರಿ ಆಯಿತು. ಠಾಣೆಯಲ್ಲಿ ಬಾಟ್ಸ್ ಅವನ ಮುಂದೆ ಕಾಫಿ ಇಟ್ಟ. ಅವನು ಮುಟ್ಟಲಿಲ್ಲ.

"ಯಾಕೆ ಮಾಡ್ದೆ?"

"ಎಲ್ಲರೂ ಕೂಗ್ತಾರೆ," ಅಂದ ಬೌದಿಲಿಯೊ. "ಹೋಗ್ತಾ ಕೂಗ್ತಾರೆ, ಬರ್ತಾ ಕೂಗ್ತಾರೆ. ಸೆಲ್ವಿನ್ ಬಂತು, ಸೆಲ್ವಿನ್ ಇಳಿಯೋರು ಬನ್ನಿ. ಪ್ರತಿ ಸಲ ನಾನು ಬ್ರೇಕ್ ಒತ್ಬೇಕು, ಅವನನ್ನ ಅಲ್ಲಿ ಬಿಟ್ಟು ಮತ್ತೆ ಹೊರಡ್ಬೇಕು. ಶಿಲುಬೆ ಇಲ್ದಿದ್ರೆ ಹೆಸರು ಮರೀತಾರೆ ಅಂದ್ಕೊಂಡೆ. ಮರೀಲಿಲ್ಲ. ಅವಳು ಕಬ್ಬಿಣದ್ದು ಮಾಡಿಸಿದ್ಲು. ಬೋಲ್ಟ್ ಕೇಳಿದ್ಲು. ಹೇಗೆ ಇಲ್ಲ ಅನ್ಲಿ?"

"ಮನೇಲಿ ಹೇಳ್ಬಹುದಿತ್ತಲ್ಲ."

ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಇನ್ನೂ ಏನೋ ಇದೆ ಎಂದು ಬಾಟ್ಸ್‌ಗೆ ಅನಿಸಿತು. ಅಪಘಾತದ ದಿನ ಇವನು ಮಗ ಬಿದ್ದದ್ದು ತಿಳಿಯದೆ ಮುಂದಿನ ಊರಿನವರೆಗೂ ಬಸ್ಸು ಓಡಿಸಿಕೊಂಡು ಹೋಗಿದ್ದ. ನನಗೇನೂ ಕೇಳಿಸಲಿಲ್ಲ ಎಂದು ಅಂದು ಹೇಳಿಕೆ ಕೊಟ್ಟಿದ್ದ. ಅದನ್ನು ಬರೆದುಕೊಂಡವನು ಬಾಟ್ಸೇ.

ಸಂಜೆ ಮಕಾರಿಯಾ ಬಂದಳು. ಮೇಜಿನ ಮೇಲಿದ್ದ ಶಿಲುಬೆಗಳನ್ನು ನೋಡಿದಳು, ಕಂಬಳಿಯನ್ನು ನೋಡಿದಳು. ಅದು ಅವಳೇ ನೇಯ್ದದ್ದು. ಗಂಡನ ಮುಂದೆ ನಿಂತು ಒಂದೇ ಮಾತು ಕೇಳಿದಳು: "ನಾನು ಊರೆಲ್ಲ ಹುಡುಕ್ತಾ ಅಳ್ತಿದ್ನಲ್ಲ, ಪಕ್ಕದಲ್ಲೇ ಇದ್ಯಲ್ಲೋ?" ಅವಳು ತಂದಿದ್ದ ಊಟವನ್ನು ಫಿಡೆನ್ಸಿಯಾಳ ಕೈಗೆ ಕೊಟ್ಟು ಹೋದಳು. ಕೋಪದಲ್ಲೂ ಅವನಿಗಿಷ್ಟದ ಹುರುಳಿಕಾಯಿ ಮಾಡಿಕೊಂಡು ಬಂದಿದ್ದಳು.

ಅಕ್ಟೋಬರ್ 30. ಆರೋಪಿಯನ್ನು ಜಿಲ್ಲಾ ಕೇಂದ್ರದ ನ್ಯಾಯಾಲಯಕ್ಕೆ ಹಾಜರುಪಡಿಸಬೇಕು. ಬೆಳಗಿನ ಬಸ್ಸು ಪ್ರಿಮಿತಿವೊನ ಗವಿಲಾನ್. ಕೈಕೋಳದ ಬೌದಿಲಿಯೊ ಕಿಟಕಿಯ ಪಕ್ಕ, ನಡುವೆ ಬಾಟ್ಸ್, ಕಂಬಳಿ ಸುತ್ತಿದ ಎರಡೂ ಶಿಲುಬೆಗಳು ಮತ್ತು ಜಪ್ತಿಯಾದ ಸ್ಪ್ಯಾನರ್ ಫಿಡೆನ್ಸಿಯಾಳ ತೊಡೆಯ ಮೇಲೆ. ದೂರುದಾರಳೂ ಬರಬೇಕಲ್ಲ, ಮಕಾರಿಯಾ ಮುಂದಿನ ಸೀಟಿನಲ್ಲಿ ಬೆನ್ನು ತಿರುಗಿಸಿ ಕೂತಿದ್ದಳು.

ತಿರುವು ಬಂತು. ಪ್ರಿಮಿತಿವೊ ಎರಡು ಸಲ ಹಾರ್ನ್ ಹೊಡೆದ. ಹಿಂದೆ ಏನಾಗುತ್ತಿದೆ ಎಂದು ತಿಳಿಯದ ಅವನ ಕಂಡಕ್ಟರ್ ಅಭ್ಯಾಸಬಲದಿಂದ ಕೂಗಿದ: "ಸೆಲ್ವಿನ್! ಸೆಲ್ವಿನ್ ಇಳಿಯೋರು ಯಾರು?"

ಬೌದಿಲಿಯೊ ಕೋಳ ಹಾಕಿದ ಎರಡೂ ಕೈ ಎತ್ತಿದ.

"ನಾನು," ಅಂದ. "ನಾನು ಇಳೀತೀನಿ."

ನಿಯಮದಲ್ಲಿ ಅದಕ್ಕೆ ಜಾಗವಿಲ್ಲ. ಆದರೂ ಬಾಟ್ಸ್ ಎದ್ದ. "ಫಿಡೆನ್ಸಿಯಾ, ಸ್ವತ್ತನ್ನ ದೂರುದಾರರಿಗೆ ಸ್ಥಳದಲ್ಲೇ ಒಪ್ಪಿಸಿಬಿಡೋಣ. ಕೋರ್ಟಿಗೆ ಫೋಟೊ ಸಾಕು." ಮಕಾರಿಯಾಳನ್ನೂ ಕರೆದುಕೊಂಡು ನಾಲ್ವರೂ ಇಳಿದರು. ಬಾಟ್ಸ್ ಕೋಳ ಬಿಚ್ಚಿದ.

ಬೌದಿಲಿಯೊ ನಾಲ್ಕೂ ನಟ್ಟು ಬಿಚ್ಚಿ, ಕಬ್ಬಿಣದ ಶಿಲುಬೆಯನ್ನು ಬೋಲ್ಟುಗಳ ಮೇಲೆ ಕೂರಿಸಿದ. ಮಕಾರಿಯಾ ಅದನ್ನು ಅಲ್ಲಾಡದಂತೆ ಹಿಡಿದಳು. ಒಂದು ನಟ್ಟು ಬಿಗಿಸಿದ, ಎರಡನೆಯದು ಬಿಗಿಸಿದ. ಅಷ್ಟರಲ್ಲಿ ಹಿಂದೆ ನಿಂತಿದ್ದ ಬಸ್ಸಿನ ತಗಡಿಗೆ ಕಂಡಕ್ಟರ್ ಬಡಿದ, ಎರಡು ಸಲ. ಬಸ್ಸು ಹೊರಟಿತು.

ಬೌದಿಲಿಯೊನ ಕೈಯಿಂದ ಸ್ಪ್ಯಾನರ್ ಬಿತ್ತು.

"ಹೀಗೇ ಕೇಳಿಸ್ತು ಮಕಾರಿಯಾ," ಅಂದ. "ಅವತ್ತು ನನಗೆ ಕೇಳಿಸಿತ್ತು. ಅವನು ಬೀಳುವಾಗ ತಗಡಿಗೆ ತಾಗಿ ಎರಡು ಸಲ ದಡ್ ದಡ್ ಅಂತ ಸದ್ದಾಯ್ತು. ಹೊರಡು ಅಂತಿದಾನೆ ಅಂದ್ಕೊಂಡೆ. ಆಕ್ಸಿಲರೇಟರ್ ಜೋರಾಗಿ ಒತ್ತಿದೆ. ಒಳ್ಳೇ ಹುಡುಗ, ಎಷ್ಟು ಬೇಗ ಗಂಟು ಬಿಚ್ಚಿಬಿಟ್ಟ ಅಂತ ಮನಸ್ಸಲ್ಲೇ ಹೊಗಳಿಕೊಂಡು ಓಡಿಸಿದೆ."

ಮಕಾರಿಯಾ ಶಿಲುಬೆಯನ್ನು ಬಿಡಲಿಲ್ಲ. ಘಾಟಿಯ ಗಾಳಿಗೆ ಚೆಂಡುಹೂವಿನ ಡಬ್ಬಿ ಉರುಳಿತು. ಫಿಡೆನ್ಸಿಯಾ ಅದನ್ನು ಎತ್ತಿ ಇಡಲು ಹೋದವಳು ಅಲ್ಲೇ ಕೂತು ಕಣ್ಣೊರೆಸಿಕೊಂಡಳು. ಆಮೇಲೆ ಮಕಾರಿಯಾ ಸ್ಪ್ಯಾನರ್ ಎತ್ತಿಕೊಂಡಳು. ಗಂಡನ ಒಂದು ಕೈಯನ್ನು ತೆಗೆದು ಶಿಲುಬೆಯ ಮೇಲಿಟ್ಟಳು.

"ಹಿಡ್ಕೋ," ಅಂದಳು. "ಈ ಸಲ ಬಿಡ್ಬೇಡ."

ಉಳಿದ ಎರಡು ನಟ್ಟುಗಳನ್ನು ಅವಳೇ ಬಿಗಿಸಿದಳು.

ಮುಂದಿನ ಬಸ್ಸಿನಲ್ಲಿ ಅವರು ನ್ಯಾಯಾಲಯ ತಲುಪಿದಾಗ ಹನ್ನೊಂದು ದಾಟಿತ್ತು. ವರದಿಯಲ್ಲಿ ಕೃತ್ಯಕ್ಕೆ ಕಾರಣವೇನೆಂದು ಬರೆಯಬೇಕಿತ್ತು. ಬಾಟ್ಸ್ ಒಂದೇ ಸಾಲು ಬರೆದು ಸಹಿ ಹಾಕಿದ: "ಆರೋಪಿಯು ಮೃತನ ತಂದೆ."