ನೋರಾಳ ಪೆಟ್ಟಿಗೆಯಲ್ಲಿ ಒಂದು ಕನ್ನಡ ಪತ್ರ

"ಆ ಪೆನ್ ಕೆಳಗಿಡಿ!"

ಇಂಗ್ಲಿಷಿನಲ್ಲಿ ಬಂದ ಆ ಗದರಿಕೆಗೆ ಕೀರ್ತಿರಾಜ್ ಬೆಚ್ಚಿಬಿದ್ದ. ಅವನ ಪೆನ್ನಿಗೂ ಮೇಜಿನ ಮೇಲಿದ್ದ ಹಳೆಯ ಪತ್ರಕ್ಕೂ ಒಂದೇ ಗೇಣು ಅಂತರವಿತ್ತು.

"ಇಲ್ಲಿ ಪೆನ್ಸಿಲ್ ಮಾತ್ರ! ಶಾಯಿ ಬಿದ್ದರೆ ಅಳಿಸೋಕಾಗುತ್ತಾ?"

"ಅಬ್ಬಾ, ಎಂತ ಜೋರು ಮಾರಾಯ್ರೇ..." ಎಂದು ಅವನು ಕನ್ನಡದಲ್ಲಿ ಗೊಣಗಿದ.

"ಸಾರ್, ಕನ್ನಡ ನನಗೂ ಬರುತ್ತೆ!"

ಅವನ ಮುಖ ಕೆಂಪಾಯಿತು. ಭವ್ಯಶ್ರೀ ತುರುಬಿನಲ್ಲಿ ಸಿಕ್ಕಿಸಿಕೊಂಡಿದ್ದ ಪೆನ್ಸಿಲನ್ನು ತೆಗೆದು ಅವನ ಕೈಗಿತ್ತಳು. ನಗು ತಡೆಯಲು ಅವಳಿಗೂ ಕಷ್ಟವಾಯಿತು.

ಮೈಸೂರಿನ ಭವ್ಯಶ್ರೀ ಮಲೇಷ್ಯಾದ ನಿಲಾಯ್‌ನ ವಿಶ್ವವಿದ್ಯಾಲಯದಲ್ಲಿ ಹಳೆಯ ಪತ್ರಗಳನ್ನು ಕಾಪಾಡುವವಳು. ಐರ್ಲೆಂಡಿನ ನೋರಾ ಎಂಬಾಕೆ ಇಲ್ಲಿನ ಕಾಫಿ ತೋಟದ ಡಾಕ್ಟರ್ ಥಾಮಸ್‌ಗೆ ನೂರಮೂವತ್ತು ವರ್ಷಗಳ ಹಿಂದೆ ಬರೆದ ಪ್ರೇಮಪತ್ರಗಳೆಲ್ಲ ಅವಳ ಸುಪರ್ದಿಯಲ್ಲಿದ್ದವು. ಕಾರ್ಕಳದ ಕೀರ್ತಿರಾಜ್ ರಾಜಧಾನಿಯ ಬಾಂಗ್ಸಾರ್‌ನ ಕಂಪನಿಯೊಂದರ ಇಂಜಿನಿಯರ್. ಆ ಕೈಬರಹವನ್ನು ಓದುವ ಸಾಫ್ಟ್‌ವೇರ್ ಮಾಡಲು ಬಂದಿದ್ದ.

ಪ್ರತಿ ಗುರುವಾರ ಅವಳು ಓದುವಳು, ಅವನು ಟೈಪ್ ಮಾಡುವನು. ಹೀಗೇ ಆರು ತಿಂಗಳು ಕಳೆದವು.

"ಒಂದು ಪತ್ರ ಬರೋಕೆ ಹಡಗಲ್ಲಿ ಒಂದೂವರೆ ತಿಂಗಳಾ? ಅಲ್ಲಿವರೆಗೆ ಹೇಗೆ ಕಾಯ್ತಿದ್ರೋ!" ಎಂದು ಅವನು ಒಮ್ಮೆ ಕೇಳಿದ.

"ಬರುತ್ತೆ ಅನ್ನೋ ನಂಬಿಕೆ ಇತ್ತಲ್ಲ," ಎಂದಳು ಅವಳು. "ಗೊತ್ತಾ, ಹೊಸ ಪೆಟ್ಟಿಗೆ ಬಂದ್ರೆ ಮೊದಲು ತೆರೆಯೋದು ನಾನೇ. ಬೇರೆ ಯಾರೂ ಮುಟ್ಟೋ ಹಾಗಿಲ್ಲ!"

ಈ ಜಂಬದ ಮಾತೇ ಮುಂದೆ ಮುಳುವಾಯಿತು ನೋಡಿ.

ನೋರಾಳ ಎರಡನೆಯ ಪೆಟ್ಟಿಗೆ ಬಂದ ಗುರುವಾರವೇ ಕೊನೆ. ಆಮೇಲೆ ಕೀರ್ತಿರಾಜ್ ಬರಲೇ ಇಲ್ಲ! ಮುಂದಿನ ಗುರುವಾರ ಒಂದು ಈಮೇಲ್ ಬಂತು. 'ಉಳಿದ ಕೆಲಸ ನನ್ನ ಸಹೋದ್ಯೋಗಿ ಮಾಡುತ್ತಾರೆ. ಧನ್ಯವಾದ.' ಅಷ್ಟೇ.

ಅದರ ಮುಂದಿನ ಗುರುವಾರವೂ ಅವನ ಕುರ್ಚಿ ಖಾಲಿಯೇ.

"ಅವನನ್ನ ಡಬ್ಲಿನ್‌ಗೆ ಕಳಿಸ್ತಾರಂತೆ ಲಾ," ಎಂದರು ಆಫೀಸಿನ ದೇವಕಿ ಆಂಟಿ. ಇಪ್ಪತ್ತು ವರ್ಷದಿಂದ ಮಲೇಷ್ಯಾದಲ್ಲಿದ್ದು, ಇಲ್ಲಿನವರ 'ಲಾ' ಅವರ ಮಾತಿಗೂ ಅಂಟಿತ್ತು. "ನಾಳೆ ಸೈನ್ ಮಾಡ್ಬೇಕಂತೆ. ನಿಂಗೆ ಹೇಳ್ಲಿಲ್ವಾ?"

ಅವಳು ಆ ಖಾಲಿ ಕುರ್ಚಿಯನ್ನೇ ನೋಡಿದಳು.

'ನನಗೊಂದು ಮಾತು ಹೇಳಬಾರದಿತ್ತಾ? ನಾನು ಅವನಿಗೆ ಯಾರೂ ಅಲ್ವಾ...?'

ಫೋನ್ ಎತ್ತಿಕೊಂಡಳು, ಇಟ್ಟಳು, ಮತ್ತೆ ಎತ್ತಿಕೊಂಡಳು. ಬಿಗುಮಾನ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಎರಡನೆಯ ಪೆಟ್ಟಿಗೆಯನ್ನು ತೆರೆಯಬೇಕಿತ್ತು. ಅಲ್ಲಿನ ನಿಯಮವೇ ಹಾಗೆ. ಹೊಸದಾಗಿ ಬಂದ ಹಳೆಯ ಕಾಗದವನ್ನು ತೆರೆಯದೆ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಎರಡು ವಾರ ಫ್ರೀಜರ್‌ನಲ್ಲಿಡಬೇಕು. ಕಾಗದ ತಿನ್ನುವ ಹುಳಗಳೆಲ್ಲ ಸಾಯಬೇಕಲ್ಲ! ನಿನ್ನೆ ಹೊರಗಿಟ್ಟಿದ್ದ ಪೆಟ್ಟಿಗೆಯ ತಂಪು ಈಗ ಇಳಿದಿತ್ತು.

ಮುಚ್ಚಳ ತೆಗೆದಳು. ನೋರಾಳ ಪತ್ರಗಳ ಮೇಲೆ ಒಂದು ಹೊಸ ಲಕೋಟೆ! 'ಭವ್ಯಶ್ರೀ ಅವರಿಗೆ' ಎಂದು ಕನ್ನಡದಲ್ಲಿ... ಅದೂ ಪೆನ್ಸಿಲಿನಲ್ಲಿ!

'ನೀವು ಪೆಟ್ಟಿಗೆ ತಂದವರ ಚೀಟಿಗೆ ಸಹಿ ಹಾಕಲು ಹೋಗಿದ್ದೀರಿ. ಮುಚ್ಚಳದ ಸಂದಿಯಲ್ಲಿ ಇದನ್ನು ತೂರಿಸುತ್ತಿದ್ದೇನೆ. ಮೊದಲು ತೆರೆಯುವವರು ನೀವೇ ತಾನೇ? ಎದುರಿಗೆ ಹೇಳಲು ಧೈರ್ಯವಿಲ್ಲ. ನಾನು ನಿಮ್ಮನ್ನು ಪ್ರೀತಿಸುತ್ತೇನೆ. ಕಂಪನಿ ಡಬ್ಲಿನ್‌ಗೆ ಹೋಗು ಅನ್ನುತ್ತಿದೆ. ನೀವು ಇರಿ ಅಂದರೆ ಇರುತ್ತೇನೆ. ಇಷ್ಟವಿಲ್ಲದಿದ್ದರೆ ಏನೂ ಹೇಳಬೇಡಿ. ನಿಮ್ಮ ಮೌನ ನನಗೆ ಅರ್ಥವಾಗುತ್ತದೆ. ಮತ್ತೆ ಬಂದು ಮುಜುಗರ ಮಾಡುವುದಿಲ್ಲ.'

"ಅಯ್ಯೋ ಪೆದ್ದ...!" ಅವಳಿಗೆ ಅಳುವೂ ಬಂತು, ನಗುವೂ ಬಂತು. 'ಫ್ರೀಜರ್ ವಿಷಯ ಹೇಳದೇ ಹೋದ ನಾನೆಷ್ಟು ಪೆದ್ದಿ!'

ಫೋನ್ ಮಾಡಿದಳು. ಸ್ವಿಚ್ ಆಫ್!

"ಆಂಟಿ, ನಂಗೆ ಅರ್ಧ ದಿನ ರಜ!"

"ಹೋಗು ಲಾ, ಮೊದಲು ಹೋಗು!"

ಕೊಮ್ಯೂಟರ್ ರೈಲಿನಲ್ಲಿ ಕುಳಿತು, ತುರುಬಿನ ಪೆನ್ಸಿಲ್ ತೆಗೆದು ಬರೆಯತೊಡಗಿದಳು. ದೇವರೇ, ಅವನು ಸಹಿ ಮಾಡದೇ ಇರಲಿ... ಕೆಎಲ್ ಸೆಂಟ್ರಲ್‌ನಲ್ಲಿಳಿದು, ಎಲ್‌ಆರ್‌ಟಿ ಮೆಟ್ರೋ ಹಿಡಿದು ಬಾಂಗ್ಸಾರ್ ತಲುಪಿದಾಗ ಗಂಟೆ ಒಂದಾಗಿತ್ತು.

ಅವನ ಆಫೀಸಿನ ಲಿಫ್ಟ್ ಬಾಗಿಲು ತೆರೆಯಿತು. ಕೀರ್ತಿರಾಜ್! ಕೈಯಲ್ಲಿ ಒಂದು ಫಾರಂ. ಕಣ್ಣ ಕೆಳಗೆ ಕಪ್ಪು. ಎರಡು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ ಪಾಪ.

"ಸೈನ್ ಮಾಡಿದ್ರಾ?" ಏದುಸಿರು ಬಿಡುತ್ತಾ ಕೇಳಿದಳು.

"ಇನ್ನೂ ಇಲ್ಲ... ನಾಲ್ಕು ಗಂಟೆವರೆಗೆ ಟೈಮ್ ಉಂಟು. ನೀವು ಇಲ್ಲಿ...?"

"ನಿಮ್ಮ ಪತ್ರ ಈಗಷ್ಟೇ ಸಿಕ್ತು."

"ಈಗ್ಲಾ? ಎರಡು ವಾರ ಎಲ್ಲಿತ್ತು?"

"ಫ್ರೀಜರ್‌ನಲ್ಲಿ!"

"ಎಂತದು?!"

"ಮೈನಸ್ ಇಪ್ಪತ್ತು ಡಿಗ್ರಿ. ಹುಳ ಸಾಯಲಿ ಅಂತ..."

ಅವನು ನಕ್ಕ, ಕಣ್ಣಲ್ಲಿ ನೀರು ತುಂಬಿಕೊಳ್ಳುವಷ್ಟು ನಕ್ಕ.

"ಇಲ್ಲಿ ನಾನೇ ಸತ್ತು ಹೋಗಿದ್ದೆ ಮಾರಾಯ್ರೇ! ನಿಮಗೆ ಇಷ್ಟ ಇಲ್ಲ ಅಂತ..."

ಭವ್ಯಶ್ರೀ ಮಡಿಸಿದ ಚೀಟಿಯನ್ನು ಅವನ ಅಂಗೈಯಲ್ಲಿಟ್ಟಳು. ಒಂದೇ ಪದವಿತ್ತು. 'ಇರಿ.'

"ಇಷ್ಟೇನಾ?"

"ರೈಲು ಅಲ್ಲಾಡ್ತಿತ್ತು. ಉಳಿದದ್ದು ಬಾಯಲ್ಲೇ ಹೇಳ್ತೀನಿ ಅಂತ ಬಂದೆ." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನಾನೂ ನಿಮ್ಮನ್ನ ಪ್ರೀತಿಸ್ತೀನಿ. ಖಾಲಿ ಕುರ್ಚಿ ನೋಡೋಕೆ ನನ್ನಿಂದ ಆಗಲ್ಲ ಕೀರ್ತಿ..."

ಅವನು ಅವಳ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಫಾರಂ ಬಿಡಿಸಿದ.

"ನಿಮ್ಮ ಪೆನ್ಸಿಲ್ ಕೊಡಿ. 'ಹೋಗುವುದಿಲ್ಲ' ಅಂತ ಬರೀಬೇಕು."

ಭವ್ಯಶ್ರೀ ಅಡ್ಡಡ್ಡ ತಲೆಯಾಡಿಸಿದಳು. ಅವನ ಜೇಬಿನಿಂದ ಪೆನ್ನನ್ನು ತೆಗೆದು, ಮುಚ್ಚಳ ಬಿಚ್ಚಿ ಅವನಿಗೆ ಕೊಟ್ಟಳು.

"ಬೇಡ. ಇದನ್ನ ಪೆನ್ನಲ್ಲೇ ಬರೀರಿ... ಅಳಿಸೋಕೆ ಆಗಬಾರದು."