ನೀರು ಹೆಚ್ಚಾತ್ರಿ

೧೯೯೧ರ ಫೆಬ್ರುವರಿ ೧೧, ಸೋಮವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತು ನಿಮಿಷಕ್ಕೆ ಜಾಹೀದಾ ಅಬ್ದುಲರಜಾಕನ ಮೆಣಸಿನಕಾಯಿಯನ್ನು ಮೊದಲ ಸಲ ತಿರಸ್ಕರಿಸಿದಳು.

ಬ್ಯಾಡಗಿಯ ಹೊರಗೆ, ಮೆಣಸಿನಕಾಯಿಯಿಂದ ಎಣ್ಣೆ ತೆಗೆಯುವ ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಅವಳ ಕೆಲಸ. ಬಂದ ಮಾಲಿನಿಂದ ಐವತ್ತು ಗ್ರಾಂ ತೂಗಿ, ಪುಡಿ ಮಾಡಿ, ಟೊಲುಯಿನ್ ಎಂಬ ದ್ರಾವಕದಲ್ಲಿ ಕರೆಂಟಿನ ಒಲೆಯ ಮೇಲೆ ಕುದಿಸಬೇಕು. ಕಾಯಿಯೊಳಗಿನ ನೀರು ಆವಿಯಾಗಿ ಮೇಲೇರಿ, ತಣಿದು, ಗೆರೆ ಹಾಕಿದ ಗಾಜಿನ ಕೊಳವೆಗೆ ಹನಿಹನಿಯಾಗಿ ಇಳಿಯುತ್ತದೆ. ತೇವಾಂಶ ಶೇಕಡಾ ಹನ್ನೊಂದು ದಾಟಿದರೆ ಮಾಲು ವಾಪಸು. ದಲಾಲಿ ಅಂಗಡಿಯಿಂದ ರಜಾಕ ತಂದ ಮಾಲಿನಲ್ಲಿ ೧೭.೬ ಇತ್ತು.

"ನೀರು ಹೆಚ್ಚಾತ್ರಿ ಮೇಡಂ," ಎಂದ ಅವನು ಬಾಗಿಲಲ್ಲೇ ನಿಂತು. ರೆಪ್ಪೆಯ ಮೇಲೆಲ್ಲ ಕೆಂಪು ಧೂಳು.

"ತಾನಽ ಹೆಚ್ಚಾತೇನ್ರಿ?"

"ಹಂಗಲ್ಲರಿ. ಚೀಲ ತುಂಬೂಮುಂದ ಕಾಯಿ ಮುರೀಬಾರದಂತ ಒಂದೀಟು ನೀರು ಹೊಡೀತಾರಲ್ರಿ, ಎಲ್ಲಾರೂ. ಅದು ಸ್ವಲ್ಪ ಜಾಸ್ತಿ ಆತು."

"ಹೊಡದವರು ಯಾರು?"

ಉತ್ತರ ಕಾಯಿಯೇ ಹೇಳಲಿ ಎಂಬಂತೆ ಅವನು ಚೀಲದ ಕಡೆ ನೋಡಿದ. "ಹೊಡದದ್ದಾತ್ರಿ…"

"ನೀರು ಹೊಡಿಯೂ ನಿಮ್ಮ ಅಂಗಡಿ ಪಂಪಿಗೆ ಕೈಕಾಲು ಬಂದಾವೇನು?"

ಅವನು ನಕ್ಕ. ನಗುವಿನ ನಡುವೆಯೇ ಸೀನಿದ. ಜಾಹೀದಾ ನಗಲಿಲ್ಲ. ಆದರೆ ಅವನು ಹೋದ ಮೇಲೂ ಆ ಕೆಂಪು ರೆಪ್ಪೆ ಕಣ್ಣ ಮುಂದಿನಿಂದ ಹೋಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

*

ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಪೇಟೆ. ರಜಾಕ ಎರಡೂ ದಿನ ಬರತೊಡಗಿದ. ಅಣ್ಣ ಮಲ್ಲಿಕಸಾಬನ ದಲಾಲಿ ಅಂಗಡಿಯ ಮಾಲು ಇದ್ದರೂ ಬಂದ, ಇಲ್ಲದಿದ್ದರೂ ಬಂದ. ನೀರು ಇಳಿಯುವ ತನಕ ಸ್ಟೂಲಿನ ಮೇಲೆ ಕೂತು, ಕೊಳವೆಯನ್ನು ನೋಡುವ ನೆಪದಲ್ಲಿ ಅವಳನ್ನು ನೋಡುತ್ತಿದ್ದ.

"ಮ್ಯಾಲಿಂದ ನೋಡಿದ್ರ ಗಾಜು ಸುಳ್ಳು ಹೇಳತೈತಿ," ಎಂದು ಅವಳೇ ಒಂದು ದಿನ ಕಲಿಸಿಕೊಟ್ಟಳು. "ಕಣ್ಣು ಗೆರೀ ಮಟ್ಟಕ್ಕ ಬರಬೇಕು. ಬಗ್ಗ್ರಿ."

ಇಬ್ಬರೂ ಬಗ್ಗಿದರು. ನಡುವೆ ಗಾಜಿನ ಕೊಳವೆಯಷ್ಟೇ. ಅದರಾಚೆ ಅವನ ಕಣ್ಣು ಉಬ್ಬಿ, ದೊಡ್ಡದಾಗಿ ಕಂಡಿತು.

"ಏನು ಕಾಣತೈತಿ?"

"ಮೇಡಂ ಮೂಗು."

"ಗೆರಿ ನೋಡು!"

ಆ ಗದರಿಕೆಯಲ್ಲಿ 'ನೀವು' ಹೋಗಿ 'ನೀನು' ಬಂದಿತ್ತು. ಇಬ್ಬರೂ ಅದನ್ನು ಗಮನಿಸಿದರು.

*

ಮರುವರ್ಷದ ಸುಗ್ಗಿ ಬಂತು. ಒಂದು ಸೋಮವಾರ ಜಾಹೀದಾ ಒಲೆ ಹೊತ್ತಿಸಲೇ ಇಲ್ಲ. ರಜಾಕ ಸ್ಟೂಲು ಎಳೆದುಕೊಳ್ಳುವ ಮೊದಲೇ ಕೇಳಿದಳು:

"ನಮ್ಮ ಸುದ್ದಿ ನಿಮ್ಮಣ್ಣನ ಮುಂದ ಹೇಳಿದಿಯೇನು?"

"ಹೇಳೂದಾಗಲಿಲ್ಲ. ಅಂಗಡ್ಯಾಗ ಗದ್ಲ."

"ರಾಣೆಬೆನ್ನೂರಿಂದ ಬುಡನಸಾಬರ ಮನಿಯವರು ಶುಕ್ರವಾರ ಬರಾಕತ್ತಾರ. ರಂಜಾನ್ ಹಿಡಿಯೂದ್ರೊಳಗ ಮದುವಿ ಮಾತು ಮುಗಸಿ, ನನ್ನ ಬಾಯಿಗೆ ಸಕ್ರಿ ಹಾಕಿ ಹೋಗತಾರಂತ."

ಅವನ ಮುಖ ಇಳಿಯಿತು. ಆದರೂ ಅದೇ ಮೆತ್ತನೆಯ ದನಿ: "ಚಿಂತಿ ಮಾಡಬ್ಯಾಡ. ಅಣ್ಣ ಹೂಂ ಅಂದ್ರ ನಮ್ಮ ಮದುವಿ ಆಗತೈತಿ."

"ಆಗತೈತಿ!" ಜಾಹೀದಾ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮೇಜಿನ ಮೇಲೆ ಬಡಿದಳು. "ಮಳಿ ಆಗತೈತಿ. ಬೆಳಗಾಗತೈತಿ. ಅವಕ್ಕ ನೀ ಬೇಕಾಗಿಲ್ಲ. ನೀರೂ ತಾನಽ ಹೆಚ್ಚಾತು, ಮಾತೂ ತಾನಽ ಆಗಲಿಲ್ಲ, ಮದುವೀನೂ ತಾನಽ ಆಗತೈತಿ. ನೀ ಮಾಡೂದು ಏನರ ಐತೇನೋ ಈ ಲೋಕದಾಗ? ಒಮ್ಮೆ ಅನ್ನು. ಆಗತೈತಿ ಅಲ್ಲ. ನಾ ಆಗತೇನಿ ಅನ್ನು."

ರಜಾಕ ಕಿವಿಯ ತನಕ ಕೆಂಪಾದ. ಅವನು ಸಿಟ್ಟಾದುದನ್ನು ಅವಳು ಈವರೆಗೆ ನೋಡಿರಲಿಲ್ಲ.

"ಮತ್ತ ನೀ? ನೀ ಈಗ ಏನಂದಿ? 'ಬರಾಕತ್ತಾರ' ಅಂದಿ. 'ಹಾಕಿ ಹೋಗತಾರಂತ' ಅಂದಿ. ಅದರಾಗ ನೀ ಎಲ್ಲಿ ಅದಿ? ಬರಬ್ಯಾಡ್ರಿ ಅಂತ ಒಂದು ಮಾತು ಹೇಳಿದಿಯೇನು? ನಾ ಬಂದು ತಡೀಲಿ ಅಂತ ಕುಂತೀದಿ. ನಾ ಅಣ್ಣನ ಹಾದಿ ನೋಡತೇನಿ, ನೀ ನನ್ನ ಹಾದಿ ನೋಡತಿ. ಫರಕ ಏನೈತಿ?"

"ಹೊರಗ ನಡಿ."

"ಹೋಗತೇನಿ."

"ಹಾಂ! ಅದೊಂದು ಬಂತು ನಿನ್ನ ಬಾಯಾಗ!"

ಬಾಗಿಲು ದಢಾರನೆ ಬಿತ್ತು. ಕಪಾಟಿನ ಗಾಜುಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡಿದವು.

*

ಸಂಜೆ ಹಾವೇರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಅವಳು ಅವನನ್ನು ಮನಸ್ಸಿನಲ್ಲೇ ಬೈದಳು. ಮೋಟೆಬೆನ್ನೂರು ಬರುವ ಹೊತ್ತಿಗೆ ಬೈಗುಳ ಮುಗಿದಿದ್ದವು, ಸಿಟ್ಟು ಮುಗಿದಿರಲಿಲ್ಲ. ಅವನ ಮಾತು ಸುಳ್ಳಾಗಿದ್ದರೆ ಇಳಿಯುವಷ್ಟರಲ್ಲಿ ಮರೆತುಬಿಡುತ್ತಿದ್ದಳು. ಅದು ನಿಜವಾಗಿತ್ತು. ಇಡೀ ದಿನ ಬೇರೆಯವರ ಚೀಲದ ನೀರು ಅಳೆಯುವವಳು ತನ್ನದನ್ನು ಅಳೆದಿರಲಿಲ್ಲ.

ಮನೆಯಲ್ಲಿ ತಾಯಿ ಮೈಮುನಾಬಿ ಮೊರದಲ್ಲಿ ಅಕ್ಕಿ ಕೇರುತ್ತಿದ್ದರು. ಮನೆಯ ಮಾತು ಉರ್ದು. ಅದರಲ್ಲಿ ಮಗಳು ತಾಯಿಗೆ ಬೇಡವೆನ್ನಲು ಹತ್ತಾರು ಮೆತ್ತನೆಯ ದಾರಿಗಳಿದ್ದವು, ಎಲ್ಲವನ್ನೂ ಜಾಹೀದಾ ಬಲ್ಲಳು. ಅವಳು ಹೊಸ್ತಿಲಲ್ಲಿ ನಿಂತು ಕನ್ನಡದಲ್ಲಿ ಹೇಳಿದಳು:

"ಅಮ್ಮೀ, ನಾ ಒಲ್ಲೆ."

ತಾಯಿಯೂ ಗಾಬರಿಯಲ್ಲಿ ಕನ್ನಡಕ್ಕೇ ಬಂದರು. "ಏನು ಒಲ್ಲಿ? ಚಾ?"

"ರಾಣೆಬೆನ್ನೂರಿನವರನ್ನ. ಬರಬ್ಯಾಡ್ರಿ ಅಂತ ನಾಳೆ ನಾನಽ ಹೋಗಿ ಹೇಳತೇನಿ."

"ಹುಚ್ಚ ಹಿಡದೈತೇನು? ಹೆಣ್ಣಹುಡುಗಿ ತಾನಽ ಹೋಗಿ ಹೇಳಿದ್ರ ಮಂದಿ ಏನಂತಾರ?"

"ಜಾಹೀದಾ ಬಂದಿದ್ಲು ಅಂತಾರ."

ಮೈಮುನಾಬಿ ಮೊರವನ್ನು ಕೆಳಗಿಟ್ಟರು. ಮಗಳ ಮುಖ ನೋಡಿ, ದನಿ ತಗ್ಗಿಸಿ ಕೇಳಿದರು: "ಆ ಮೆಣಸಿನಕಾಯಿ ಹುಡುಗ ಬರದಿದ್ರ?"

ತಾಯಿಗೆ ಗೊತ್ತಿತ್ತು. ಎಂದಿನಿಂದಲೋ ಗೊತ್ತಿತ್ತು.

"ಬರದಿದ್ರೂ ಒಲ್ಲೆ," ಎಂದಳು ಜಾಹೀದಾ. ಹೇಳಿದ ಮೇಲೆಯೇ ಅವಳಿಗೆ ಅದು ಖರೆ ಎಂದು ತಿಳಿಯಿತು.

ಮರುದಿನ ರಜೆ ಹಾಕಿ ರಾಣೆಬೆನ್ನೂರಿಗೆ ಹೋದಳು. ಬುಡನಸಾಬರ ಹೆಂಡತಿ ಜೈತೂನಬಿ ಬಾಯಿ ತೆರೆದುಕೊಂಡೇ ಕೇಳಿದರು, ಆಮೇಲೆ ಮರ್ಯಾದೆಗೆಂದು ಚಹಾ ತರಿಸಿದರು. ಅದಕ್ಕೆ ಸಕ್ಕರೆ ಹಾಕಿರಲಿಲ್ಲ. ಜಾಹೀದಾ ಪೂರ್ತಿ ಕುಡಿದು, ಕಪ್ಪು ಕೆಳಗಿಟ್ಟು, ಸಲಾಂ ಹೇಳಿ ಬಂದಳು.

*

ಗುರುವಾರ ರಜಾಕ ಬರಲಿಲ್ಲ. ಶುಕ್ರವಾರ ಯಾರೂ ಬರಲಿಲ್ಲ. ಸೋಮವಾರ ಅವನು ಬಂದ, ಹೆಗಲ ಮೇಲೆ ಒಂದೇ ಚೀಲ ಹೊತ್ತು.

"ಯಾರ ಮಾಲಿದು?" ಅವಳು ತಲೆ ಎತ್ತದೆ ಕೇಳಿದಳು.

"ನಂದು."

ಯಾವಾಗಲೂ 'ಅಂಗಡೀದು' ಎನ್ನುತ್ತಿದ್ದವನು. ಅವಳ ಪೆನ್ನು ನಿಂತಿತು.

"ಮೋಟೆಬೆನ್ನೂರಿನಾಗ ಒಂದು ಕಣ ಬಾಡಿಗಿ ಹಿಡದೇನಿ. ನಾನಽ ಒಣಗಿಸೇನಿ. ನಾ ನೀರು ಹೊಡದಿಲ್ಲ."

"ಅಂಗಡಿ?"

"ಅಣ್ಣ ಕೀಲಿ ಇಸಗೊಂಡ."

"ಯಾಕ?"

"ಎರಡು ಮಾತು ಹೇಳಿದೆ. ಒಂದು, ಹೋದ ವರ್ಷ ಆ ಪಂಪು ಹಿಡದಾವ ನಾನು, ಇನ್ನ ಹಿಡಿಯಂಗಿಲ್ಲ ಅಂತ. ಇನ್ನೊಂದು, ನಾ ಜಾಹೀದಾನ್ನ ಮದುವಿ ಆಗತೇನಿ ಅಂತ." ಅವನ ದನಿ ಒರಟಾಗಿತ್ತು. "ಶುಕ್ರವಾರ ನಿಮ್ಮ ಮನಿಗೆ ಬರಾಕ ಹೊಂಟಿದ್ದೆ, ಅವರನ್ನ ತಡ್ಯಾಕ. ಬಸ್‌ಸ್ಟ್ಯಾಂಡಿನಾಗ ತಿಳೀತು, ನೀ ಮೊದಲಽ ಹೋಗಿ ಒಲ್ಲೆ ಅಂದು ಬಂದೀದಿ ಅಂತ. ಇಡೀ ರಾಣೆಬೆನ್ನೂರು ಅದನ್ನಽ ಮಾತಾಡಾಕತ್ತೈತಿ."

"ನಿನ್ನ ಸಲುವಾಗಿ ಅಂದಿಲ್ಲ."

"ಗೊತ್ತೈತಿ. ಅದಕ್ಕಽ ಹೆಚ್ಚು ಹೊಟ್ಟಿ ಉರೀತು."

ಅವಳ ತುಟಿಯ ತುದಿ ಅಲುಗಿತು. ಅದನ್ನು ಮುಚ್ಚಲು ತಿರುಗಿ, ಕಾಯಿ ತೂಗಿ, ಪುಡಿ ಮಾಡಿ, ಒಲೆ ಹೊತ್ತಿಸಿದಳು. ಮೊದಲ ಹನಿ ಕೊಳವೆಗೆ ಇಳಿಯಿತು. ಇಬ್ಬರೂ ಅದರ ಎರಡು ಬದಿಗೆ ಕೂತರು.

"ಅಣ್ಣಗ ಹೇಳಿದಿ," ಅವಳು ಸಿಡುಕಿದಳು. "ನನಗ ಯಾವಾಗ ಹೇಳಾಂವ?"

"ಜಾಹೀದಾ. ನಾ ನಿನ್ನ ಮದುವಿ ಆಗತೇನಿ."

"ಬೈದಂಗ ಹೇಳತೀಯಲ್ಲ!"

"ಕಲಿಸಿದಾಕಿ ಬೈದಽ ಕಲಿಸ್ಯಾಳ."

ಹನಿ ಬಿತ್ತು. ಇನ್ನೊಂದು ಬಿತ್ತು. ಹೊರಗೆ ಲಾರಿಗಳ ಸದ್ದು, ಗಾಳಿಯ ತುಂಬ ಕಾಯಿಯ ಘಾಟು. ಅವಳ ಕಣ್ಣಲ್ಲಿ ನೀರು ತುಂಬಿತು. ಈ ಊರಲ್ಲಿ ಅದಕ್ಕೆ ಯಾರೂ ಕಾರಣ ಕೇಳುವುದಿಲ್ಲ. ರಜಾಕನೂ ಕೇಳಲಿಲ್ಲ, ತನ್ನ ಕರವಸ್ತ್ರವನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದ.

"ನಾನೂ ಆಗತೇನಿ," ಎಂದಳು ಜಾಹೀದಾ, ಸಿಟ್ಟಿನಿಂದಲೇ. "ಆದ್ರ ಈ ಕೆಲಸ ಬಿಡಂಗಿಲ್ಲ. ನಿನ್ನ ಮಾಲಂತ ಒಂದು ಗೆರಿ ಕಡಿಮಿ ಬರಿಯಂಗಿಲ್ಲ."

"ಬರೀಬ್ಯಾಡ."

ಹನಿ ನಿಂತಿತು. ಅವಳು ಒಲೆ ಆರಿಸಿ, ಕೊಳವೆ ತಣಿಯುವ ತನಕ ಕಾದು, ಅವನ ಕಡೆ ಗದ್ದ ಎತ್ತಿದಳು. "ನೀನಽ ಓದು."

ರಜಾಕ ಬಗ್ಗಿದ. ಕಣ್ಣನ್ನು ಗೆರೆಯ ಮಟ್ಟಕ್ಕೆ ತಂದ. ಅವಳ ಮೂಗು ಆಚೆಗೆ ಕಾಣುತ್ತಿದ್ದರೂ ಈ ಸಲ ಗೆರೆಯನ್ನೇ ನೋಡಿದ.

"ಐದು ಪಾಯಿಂಟ್ ಏಳು ಮಿಲಿಲೀಟರ್."

"ಐವತ್ತು ಗ್ರಾಮಿಗೆ ಅಷ್ಟು. ನೂರಕ್ಕ?"

ಅವನು ಲೆಕ್ಕ ಹಾಕಿದ. ಮುಖ ಬಾಡಿತು. ಹನ್ನೊಂದು ದಾಟಿತ್ತು. ಸ್ವಲ್ಪವೇ, ಆದರೂ ದಾಟಿತ್ತು.

ಈಗ ಅವನ ಬಾಯಿಂದ ಬರುವ 'ಹೆಚ್ಚಾತು' ಎಂಬ ಮಾತು ಜಾಹೀದಾಳಿಗೆ ಚೆನ್ನಾಗಿ ಗೊತ್ತಿತ್ತು. ಅದು ಬಂದರೆ ಚೀಲದ ಜೊತೆ ಅವನನ್ನೂ ಹೊರಗೆ ಹಾಕುವುದೆಂದು ಮನಸ್ಸಿನಲ್ಲಿ ಆಗಲೇ ಎದ್ದು ನಿಂತಿದ್ದಳು.

"ನಾ ಕಡಿಮಿ ಒಣಗಿಸೇನಿ," ಎಂದ ರಜಾಕ. "ಅವಸರ ಮಾಡಿದೆ. ಇನ್ನೆರಡು ಬಿಸಿಲು ಹಾಕಿ ಗುರುವಾರ ತರತೇನಿ."

ಚೀಲವನ್ನು ತಾನೇ ಎತ್ತಿ ಹೆಗಲಿಗೆ ಹಾಕಿಕೊಂಡ.

ಅವನ ಎದುರಿಗೆ ಜಾಹೀದಾ ಮೊದಲ ಸಲ ನಕ್ಕಳು, ಬಾಯಿ ತುಂಬ. ನಗುತ್ತಲೇ ಪೆನ್ನು ತೆಗೆದು 'ವಾಪಸು' ಎಂದು ಬರೆದಳು. ತೇವಾಂಶ ಶೇಕಡಾ ೧೧.೪.