ತೊಳೆದ ಬೆಂಡೆಕಾಯಿ

ರೈತರ ಬೆಳೆಗೆ ಮಾರುಕಟ್ಟೆ ಹುಡುಕಿಕೊಡಲು ಬಂದ ಅಧಿಕಾರಿಯನ್ನು ಕಂಡ ಮೊದಲ ದಿನವೇ ಅವಳಿಗೆ ಮೈ ಉರಿದಿತ್ತು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಸ್ಟೀಲ್ ಸ್ಕೇಲ್. ಬೆಂಡೆಕಾಯಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ಮಲಗಿಸಿ ಅಳೆಯುತ್ತಿದ್ದ.

"ಏನು, ಅದಕ್ಕೆ ಪ್ಯಾಂಟ್ ಹೊಲಿಸ್ತೀರಾ?"

"ದೊಡ್ಡ ಅಂಗಡಿಯವರು ಇಷ್ಟೇ ಉದ್ದ ಇರಬೇಕು ಅಂದಿದ್ದಾರೆ, ಮೇಡಂ."

ಅವಳು ತನ್ನ ತೋರುಬೆರಳನ್ನು ಕಾಯಿಯ ಪಕ್ಕಕ್ಕಿಟ್ಟಳು. ಸ್ಕೇಲ್ ಹೇಳಿದ್ದನ್ನೇ ಬೆರಳೂ ಹೇಳಿತು. ಅವನು ಆ ಬೆರಳನ್ನು ಬೇಕಾದ್ದಕ್ಕಿಂತ ತುಸು ಹೆಚ್ಚು ಹೊತ್ತು ನೋಡಿದ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಅಂದಿನಿಂದ ಅವನು ಎಲ್ಲರ ಬಾಯಲ್ಲಿ ಸ್ಕೇಲ್ ಸಾಹೇಬ.

ಅಂಗೈಯಗಲ ಜಮೀನಿನ ಹನ್ನೊಂದು ಮಂದಿ. ಒಬ್ಬೊಬ್ಬರೇ ಹೋದರೆ ದಲ್ಲಾಳಿ ಅವರ ಬುಟ್ಟಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದಂತೆ ಅವರನ್ನೆಲ್ಲ ಒಂದೇ ಶೆಡ್ಡಿಗೆ ತರಲು ಅವಳಿಗೆ ಎರಡು ವರ್ಷ ಹಿಡಿದಿತ್ತು. ನಗರದ ಅಂಗಡಿಗೆ ಮೊದಲ ಲೋಡ್ ಪಾಸಾದರೆ ದಾರಿ ತೆರೆಯಿತು. ಇಲ್ಲವಾದರೆ ಮತ್ತೆ ಹನ್ನೊಂದು ದಿಕ್ಕು. ಆ ಅಂಗಡಿಯನ್ನು ಹುಡುಕಿ ಕೊಟ್ಟವನು ಇವನೇ ಎಂಬುದು ಅವಳಿಗೆ ನುಂಗಲಾರದ ತುತ್ತು.

ಲೋಡಿನ ದಿನ ಬೆಳಿಗ್ಗೆ ಅವಳು ಖಾಲಿ ಕ್ರೇಟುಗಳನ್ನು ತಂದಾಗ ಶೆಡ್ಡಿನ ನೆಲವೆಲ್ಲ ಒದ್ದೆ.

"ಕಾಯಿನ ಯಾರು ತೊಳೆದಿದ್ದು?"

"ಎಲ್ಲರೂ," ಎಂದ ಚಿಕ್ಕಪ್ಪ, ಹೆಮ್ಮೆಯಿಂದ. "ಸಾಹೇಬ್ರು ನಿನ್ನೆ ಮೆಸೇಜ್ ಹಾಕಿದ್ರಲ್ಲ, ಚೆನ್ನಾಗಿ ತೊಳೆದು ತನ್ನಿ ಅಂತ."

"ನಲವತ್ತು ವರ್ಷ ಬೆಂಡೆ ಬೆಳೆದಿದ್ದೀಯ. ನೀರು ನಿಂತ್ರೆ ಕಪ್ಪಾಗುತ್ತೆ ಅಂತ ಗೊತ್ತಿಲ್ವಾ?"

"ಗೊತ್ತು. ಆದ್ರೆ ಓದಿದವರು ಹೇಳಿದ್ರಲ್ಲ ಮಗಳೇ."

ತೊಳೆಯದೆ ತಂದವರು ಇಬ್ಬರೇ, ಅದೂ ಸೋಮಾರಿತನದಿಂದ.

ಅವಳು ಸ್ಕೇಲ್ ಸಾಹೇಬನ ಕಡೆ ತಿರುಗಿದಳು. "ಮುಖ ತೊಳೆಸಿದ್ದಾಯ್ತು. ಪೌಡರ್ ಯಾವಾಗ ಹಚ್ಚಿಸ್ತೀರಿ?"

ಅವನು ಬಟ್ಟೆ ಹಾಸಿ, ಫ್ಯಾನ್ ತಿರುಗಿಸಿ, ನೆಲದ ಮೇಲೆ ಕುಳಿತು ಬರಿಗೈಯಲ್ಲಿ ಕಾಯಿ ಹರವತೊಡಗಿದ. ತಪ್ಪು ಮಾಡಿದವರೆಲ್ಲ ಮೌನವನ್ನು ಕಂಬಳಿಯಂತೆ ಹೊದ್ದುಕೊಳ್ಳುತ್ತಾರೆ ಎಂದುಕೊಂಡಳು ಅವಳು. ಬೆಂಡೆಯ ಸಣ್ಣ ಮುಳ್ಳಿಗೆ ಅವನ ಕೈ ಕೆಂಪಾಗುವುದನ್ನು ನೋಡಿಯೂ ನೋಡದಂತೆ ತನ್ನ ಕೈಗವಸು ಏರಿಸಿಕೊಂಡಳು.

ಅಂಗಡಿಯ ಖರೀದಿಯವನು ಬರುವ ಹೊತ್ತಿಗೆ ನಲವತ್ತು ಕ್ರೇಟಿನಲ್ಲಿ ಕಪ್ಪಾಗದೆ ಉಳಿದದ್ದು ಹದಿಮೂರು. ಅವನು ನಕ್ಕ. "ಸಣ್ಣ ರೈತರ ಹಣೆಬರಹವೇ ಇಷ್ಟು. ಹೇಳಿದ್ದು ತಲೆಗೇ ಹೋಗಲ್ಲ."

ಈಗ ಸ್ಕೇಲ್ ಸಾಹೇಬ ತಲೆಯಾಡಿಸುತ್ತಾನೆ ಎಂದು ಅವಳು ಕಾದಳು.

"ತೊಳೀರಿ ಅಂದವನು ನಾನು," ಎಂದ ಅವನು. "ಇವರಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನಮ್ಮ ಆಫೀಸಿಗೂ ನಿಮ್ಮ ಆಫೀಸಿಗೂ ಹಾಗೇ ಬರೆದು ಕಳಿಸಿದ್ದೀನಿ."

ಖರೀದಿಯವನು ಒಂದು ಕಾಯಿಯ ತುದಿ ಬಗ್ಗಿಸಿದ. ಟಕ್ಕನೆ ಮುರಿಯಿತು. ಇನ್ನೊಂದು ಕ್ರೇಟಿನದೂ ಹಾಗೇ. "ಎಳೆಯದೇ ಇದೆ. ಇಷ್ಟನ್ನ ಒಯ್ತೀನಿ. ನಾಡಿದ್ದು ಪೂರ್ತಿ ಲೋಡ್ ಬೇಕು, ನೀರು ತಾಗದ್ದು. ಇನ್ನೊಂದೇ ಸಲ."

ವ್ಯಾನ್ ಹೋಯಿತು. ಚಿಕ್ಕಪ್ಪ ಉಳಿದವರನ್ನು ಕರೆದುಕೊಂಡು ತೋಟದ ಕಡೆ ನಡೆದ. ಶೆಡ್ಡಿನಲ್ಲಿ ಇವರಿಬ್ಬರೇ.

"ಮೆಸೇಜ್ ಹಾಕೋ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತಲ್ಲ?"

"ಕೇಳೋಣ ಅಂತ ಫೋನ್ ತೆಗೆದೆ. ಮಾತಾಡೋಕೆ ನೆಪ ಹುಡುಕ್ತಿದ್ದೀನಿ ಅಂದ್ಕೋತೀರೇನೋ ಅಂತ ಇಟ್ಬಿಟ್ಟೆ."

"ನೆಪ ಆಗಿತ್ತಾ?"

ಅವನು ಕೆಂಪಾದ ಕೈಗಳನ್ನು ನೋಡಿಕೊಂಡ. "ಮೊದಲ ದಿನದಿಂದ."

"ಒಂದು ಫೋನ್ ಮಾಡೋ ಧೈರ್ಯ ಇಲ್ದೆ ಇಪ್ಪತ್ತೇಳು ಕ್ರೇಟ್ ಹಾಳು ಮಾಡಿದ್ರಿ. ನಿಮ್ಮಂಥ ದಡ್ಡನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ."

ಅವನು ಜೇಬಿನ ಸ್ಕೇಲ್ ತೆಗೆದು ಮೇಜಿನ ಮೇಲಿಟ್ಟ. "ನಾಡಿದ್ದಿಗೆ ಇದು ಬೇಡ. ಅಳತೆಗೆ ನಿಮ್ಮ ಬೆರಳೇ ಸಾಕು."

"ಬೆರಳು ತೋರಿಸಿದ್ರೆ ಹಸ್ತ ನುಂಗೋ ಪೈಕಿ ನೀವು."

"ನುಂಗಲ್ಲ. ಹಿಡ್ಕೊಳ್ತೀನಿ."

ಅವಳು ಕೈಗವಸು ಕಳಚಿ ಮೇಜಿನ ಮೇಲೆ ಕೈಯಿಟ್ಟಳು, ಸ್ಕೇಲಿನ ಪಕ್ಕದಲ್ಲಿ.

ಅವನು ಹಿಡಿದುಕೊಂಡ ಕೂಡಲೇ ಅವನ ಕೈಯ ಬೆಂಡೆಮುಳ್ಳು ಅವಳ ಕೈಗೂ ಅಂಟಿ ತುರಿಸತೊಡಗಿತು. ಅವಳು ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ.